‘ಒಪ್ಪ ಮಾಡು’ ಅಂದರೆ ನಿಮ್ಮ ಕಡೆ ಏನರ್ಥ? (ಷೋಕೇಸಿನ ಗೊಂಬೆ ಒರೆಸುವಾಗ ಎದ್ದ ಪ್ರಶ್ನೆ)

ಗೆಳೆಯರೇ,

ಒಂದು ಪದದ ವಿಚಾರ ಕೇಳಬೇಕಿತ್ತು. ಪದ ಚಿಕ್ಕದು, ‘ಒಪ್ಪ’. ಆದರೆ ಅದರಿಂದ ಹೋದ ಭಾನುವಾರ ನಮ್ಮ ಮನೆಯಲ್ಲಿ ಅರ್ಧ ಗಂಟೆ ರಂಪ ಆಯಿತು.

ನಮ್ಮದು ತುಮಕೂರು. ಮನೆ ಬಿ.ಎಚ್. ರಸ್ತೆಯಿಂದ ಎರಡು ತಿರುವು ಒಳಗೆ. ಬಿ.ಎಚ್. ಅಂದರೆ ಬೆಂಗಳೂರು–ಹೊನ್ನಾವರ. ಆ ರಸ್ತೆಯ ಧೂಳಿಗೆ ಮಾತ್ರ ಹೊನ್ನಾವರ ನೋಡುವ ಆಸೆ ಇಲ್ಲ, ಸೀದಾ ನಮ್ಮ ನಡುಮನೆಯ ಷೋಕೇಸಿಗೆ ಬಂದು ಕೂರುತ್ತದೆ. ಗೋಡೆಯಲ್ಲೇ ಕಟ್ಟಿಸಿದ ಹಳೇ ಕಾಲದ ಷೋಕೇಸು. ಎರಡು ಗಾಜು, ಒಂದರ ಹಿಂದೆ ಒಂದು ಸರಿಯುತ್ತವೆ. ಹಿಡಿ ಇಲ್ಲ, ಬೆರಳು ಸಿಕ್ಕಿಸಲು ಒಂದು ಗುಳಿ ಅಷ್ಟೇ. ಒಳಗೆ ನಾಲ್ಕು ಹಲಗೆ. ಅಜ್ಜಿಯ ಪಟ್ಟದ ಗೊಂಬೆ (ದಸರೆಗೆ ಕೂರಿಸುವ ರಾಜ-ರಾಣಿ ಜೋಡಿ), ಚನ್ನಪಟ್ಟಣದ ಬುಗುರಿ-ಬಂಡಿ, ಪಿಂಗಾಣಿ ನಾಯಿ, ಹಿತ್ತಾಳೆ ನಂದಿ, ಮಣ್ಣಿನ ಶೆಟ್ಟಿ-ಶೆಟ್ಟಮ್ಮ, ಕೆಳಗಿನ ಹಲಗೆ ಪೂರ್ತಿ ಅಕ್ಕನ ಮಗ ತಂದಿಟ್ಟ ಜಪಾನಿನ ಪ್ಲಾಸ್ಟಿಕ್ ವೀರರು.

ಬೆಳಗ್ಗೆ ಆರಕ್ಕೆ ಶುರು ಮಾಡಿದ್ದು, ಎಲ್ಲ ತೆಗೆದು, ಒರೆಸಿ, ಮತ್ತೆ ಜೋಡಿಸುವಾಗ ಮಧ್ಯಾಹ್ನ ಎರಡಾಯಿತು. ಮೈಯೆಲ್ಲ ಧೂಳು. ಸ್ನಾನ ಮಾಡಿ ಬಂದು ಮನೆಯವರ ವಾಟ್ಸಾಪ್ ಗುಂಪಿಗೆ ಹೀಗೆ ಹಾಕಿದೆ: ‘ಅಜ್ಜೀದು ಎಲ್ಲಾ ಒಪ್ಪ ಮಾಡಿ ಮುಗೀತು. ಸ್ನಾನ ಮಾಡ್ಕೊಂಡು ಈಗ ಊಟಕ್ಕೆ ಕೂತಿದೀವಿ.’

ಎರಡು ನಿಮಿಷವೂ ಆಗಿಲ್ಲ, ಕೋಲಾರದಿಂದ ಚಿಕ್ಕಮ್ಮನ ಮಗಳ ಫೋನು. ಅಳುತ್ತಿದ್ದಾಳೆ. ‘ಅಕ್ಕಾ, ಯಾವಾಗ ಹೋದ್ರು? ಒಂದು ಮಾತು ಹೇಳೋದಲ್ವಾ? ಮುಖನಾದ್ರೂ ನೋಡ್ತಿದ್ವಿ...’ ನನಗೆ ತಲೆಬುಡ ಗೊತ್ತಾಗಲಿಲ್ಲ. ಎದುರಿಗೆ ಅಜ್ಜಿ ಕೂತು ಮುದ್ದೆ ಮುರಿಯುತ್ತಿದ್ದಾರೆ. ವಯಸ್ಸು 87, ಕಿವಿ ಸ್ವಲ್ಪ ಮಂದ, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ವಿಷಯ ತಿಳಿದ ಮೇಲೆ ಅವರೇ ಫೋನ್ ಕಿತ್ತುಕೊಂಡರು. ‘ನನ್ನ ಒಪ್ಪ ಮಾಡಾಕೆ ಇನ್ನಾ ಟೇಮ್ ಐತೆ ಕಣವ್ವ. ಇವತ್ತು ಬರೀ ಗೊಂಬೆ ಒಪ್ಪ ಮಾಡವ್ಳೆ. ಅದ್ನೂ ನೆಟ್ಟಗ್ ಮಾಡಿಲ್ಲ, ರಾಣಿ ಮೂಗ್ನಾಗೆ ಮಸಿ ಹಂಗೇ ಐತೆ.’

ಆಮೇಲೆ ನನ್ನ ಸಂದೇಶವನ್ನೇ ಮತ್ತೆ ಓದಿದೆ. ಒಪ್ಪ ಮಾಡಿ ಮುಗೀತು, ಸ್ನಾನ ಆಯ್ತು, ಊಟಕ್ಕೆ ಕೂತಿದೀವಿ. ಅವಳು ಅತ್ತಿದ್ದರಲ್ಲಿ ತಪ್ಪೇ ಇಲ್ಲ.

‘ಹೆಣ ಒಪ್ಪ ಮಾಡುವುದು’ ಎಲ್ಲರಿಗೂ ಗೊತ್ತಿರುವ ಮಾತು. ಮಣ್ಣು ಮಾಡಲಿ, ಸುಡಲಿ, ಎರಡಕ್ಕೂ ಆಗುತ್ತದೆ. ನನಗೂ ಆ ಅರ್ಥ ಗೊತ್ತಿದೆ. ಆದರೆ ಷೋಕೇಸಿನ ಮುಂದೆ ನಿಂತಾಗ ನನ್ನ ಬಾಯಿಗೆ ಬಂದದ್ದು ಅಜ್ಜಿಯ ಇನ್ನೊಂದು ‘ಒಪ್ಪ’. ಅವರು ಗುಬ್ಬಿ ತಾಲ್ಲೂಕಿನ ಹಳ್ಳಿಯವರು. ಕಣದಲ್ಲಿ ರಾಗಿ ಬಡಿದು, ತೂರಿ, ಹೊಟ್ಟು ಬೇರೆ ಮಾಡಿ, ರಾಶಿ ಮಾಡಿದರೆ ‘ರಾಗಿ ಒಪ್ಪ ಆಯ್ತು’ ಅನ್ನುತ್ತಾರೆ. ಹಬ್ಬದ ಮುಂಚೆ ಅಟ್ಟ ಇಳಿಸಿ, ಪಾತ್ರೆ ತೊಳೆದು, ಮತ್ತೆ ಅಟ್ಟಕ್ಕೆ ಏರಿಸಿದರೂ ‘ಒಪ್ಪ’. ಅಂದರೆ ಬರೀ ತೊಳೆಯುವುದಲ್ಲ, ಬರೀ ಜೋಡಿಸುವುದೂ ಅಲ್ಲ. ತೊಳೆದು, ಅದರದರ ಜಾಗಕ್ಕೆ ಸೇರಿಸಿ, ಇನ್ನು ಮುಟ್ಟುವ ಹಾಗಿಲ್ಲ ಅನ್ನುವವರೆಗೆ ಮುಗಿಸುವುದು.

ಈ ಕೆಲಸಕ್ಕೆ ಬೇರೆ ಪದ ಯಾಕೆ ಬಳಸಲಿಲ್ಲ ಅಂತ ತಂಗಿ ಕೇಳಿದಳು. ಹುಡುಕಿದೆ. ಒಂದೂ ಪೂರ್ತಿ ಕೂರಲಿಲ್ಲ.

ಮೊದಲು ‘ಧೂಳು ಹೊಡೆಯುವುದು’. ಇದೇ ಒಂದು ತಮಾಷೆ. ಗೋಡೆಗೆ ಸುಣ್ಣ ಹೊಡೆದರೆ ಸುಣ್ಣ ಗೋಡೆ ಮೇಲೆ ಇರಬೇಕು. ಅದೇ ಗೋಡೆಗೆ ಧೂಳು ಹೊಡೆದರೆ ಧೂಳು ಇರಬಾರದು. ಹಬ್ಬದ ಹಿಂದಿನ ವಾರ ಒಂದೇ ಮನೆಯಲ್ಲಿ, ಒಂದೇ ಬಾಯಲ್ಲಿ ಎರಡೂ ಬರುತ್ತವೆ. ಯಾರಿಗೂ ಗೊಂದಲ ಆಗುವುದಿಲ್ಲ. ಆದರೆ ಪಿಂಗಾಣಿ ನಾಯಿಗೆ ‘ಧೂಳು ಹೊಡೆದೆ’ ಅಂದರೆ ಅದರ ಕಿವಿ ಉಳಿದಿದೆಯೋ ಇಲ್ಲವೋ ಅಂತ ಕೇಳುವವರಿಗೆ ಅನುಮಾನ ಬರುತ್ತದೆ. ಗೋಡೆಯ ಪದ ಅದು, ಗೊಂಬೆಯದಲ್ಲ.

‘ಒರೆಸು’ ಆಗುತ್ತದೆ, ಆದರೆ ನಾನು ಒರೆಸಿದ್ದು ಕಡಿಮೆ. ಬಣ್ಣ ಬಳಿದ ಮಣ್ಣಿನ ಗೊಂಬೆಗೆ ಒದ್ದೆ ಬಟ್ಟೆ ತಾಗಿಸುವ ಹಾಗಿಲ್ಲ. ಶೆಟ್ಟಮ್ಮನ ಸೀರೆಯ ಅಂಚು ಬಟ್ಟೆಗೆ ಬಂದುಬಿಡುತ್ತದೆ. ಅದಕ್ಕೆ ಒಣಗಿದ ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಎಳೆಯಬೇಕು. ನಾನು ಬಳಸುವುದು ಮಗಳ ಹಳೇ ಮೇಕಪ್ ಬ್ರಷ್ಷು. ಹೀಗೆ ಬ್ರಷ್ಷಿನಲ್ಲಿ ಮೆಲ್ಲಗೆ ಧೂಳು ಎಳೆಯುವುದಕ್ಕೆ ಕನ್ನಡದಲ್ಲಿ ಏನನ್ನುತ್ತೀರಿ? ‘ಗುಡಿಸು’ ಅಂದರೆ ನೆಲ ಕಣ್ಣಿಗೆ ಬರುತ್ತದೆ. ‘ಕೊಡವು’ ಅಂದರೆ ಕಂಬಳಿ. ‘ಜಾಡಿಸು’ ಅಂದರೆ ಬೈಗುಳವೇ ಜಾಸ್ತಿ. ಅಜ್ಜಿ ‘ಸವರು’ ಅನ್ನುತ್ತಾರೆ. ನನಗೆ ಅದೇ ಹಿಡಿಸಿತು. ಆದರೆ ಎಣ್ಣೆ ಸವರುವುದೂ ಇದೆ. ಇಲ್ಲೂ ಹಚ್ಚುವುದು, ತೆಗೆಯುವುದು ಎರಡಕ್ಕೂ ಒಂದೇ ಮಾತು ನೋಡಿ.

ಹಿತ್ತಾಳೆ ನಂದಿಗೆ ‘ಬೆಳಗು’. ಇದರಲ್ಲಿ ಮನೆಯೊಳಗೆ ಜಗಳ ಇಲ್ಲ. ಹುಣಸೆಹಣ್ಣು ಹಚ್ಚಿ, ಐದು ನಿಮಿಷ ಬಿಟ್ಟು, ತಿಕ್ಕಿ ತೊಳೆದು, ತಕ್ಷಣ ಒಣ ಬಟ್ಟೆಯಲ್ಲಿ ಒತ್ತಬೇಕು. ನೀರು ನಿಂತರೆ ಕೊಂಬಿನ ಸಂದಿಯಲ್ಲಿ ಮತ್ತೆ ಕಿಲುಬು. ಮಗಳು ಅದನ್ನು ‘ಹಸಿರು ತುಕ್ಕು’ ಅಂದಳು. ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ-ಹಿತ್ತಾಳೆಗೆ ಅಂತ ತಿದ್ದಿದೆ. ಹೋಗಲಿ, ಕಣ್ಣಿಗೆ ಕಂಡದ್ದನ್ನಾದರೂ ಕನ್ನಡದಲ್ಲಿ ಹೇಳಿದಳಲ್ಲ.

ಚನ್ನಪಟ್ಟಣದ ಬಂಡಿ ನೋಡಿದಾಗ ಹಳೇ ತಪ್ಪು ನೆನಪಾಯಿತು. 2020ರಲ್ಲಿ ಎಲ್ಲರ ಹಾಗೆ ನಾನೂ ಕಂಡಕಂಡದ್ದಕ್ಕೆಲ್ಲ ಸ್ಯಾನಿಟೈಸರ್ ಹಾಕುತ್ತಿದ್ದೆ. ಬಂಡಿಗೂ ಹಾಕಿ ಉಜ್ಜಿದೆ. ಕೆಂಪೆಲ್ಲ ಬಟ್ಟೆಗೆ ಬಂತು. ಒಂದು ಚಕ್ರ ಇವತ್ತಿಗೂ ಬಿಳಿಚಿಕೊಂಡಿದೆ. ಕಾರಣ ಆಮೇಲೆ ತಿಳಿಯಿತು. ಅದು ಪೇಂಟ್ ಅಲ್ಲ, ಅರಗು. ಹಾಲೆ ಮರದ ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ನೀರಿನ ಹನಿಗೆ ಅದು ಜಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಸ್ಯಾನಿಟೈಸರಿನಲ್ಲಿ ಇರುವುದೇ ಅದು. ಒಣ ಬನೀನು ಬಟ್ಟೆ ಸಾಕಿತ್ತು.

ಇನ್ನು ಕೆಳಗಿನ ಹಲಗೆ. ಅಕ್ಕನ ಮಗ ಅವುಗಳನ್ನು ಗೊಂಬೆ ಅನ್ನಲು ಬಿಡುವುದಿಲ್ಲ. ‘ಫಿಗರ್ ಅನ್ನಿ ಚಿಕ್ಕಮ್ಮ, ಗೊಂಬೆ ಅಂದ್ರೆ ಮಕ್ಕಳು ಆಡೋದು’ ಅನ್ನುತ್ತಾನೆ. ನಾವು ಕಾಲೇಜಿನಲ್ಲಿದ್ದಾಗ ‘ಫಿಗರ್’ ಅಂದರೆ ಬೇರೇನೇ. ‘ನನ್ನ ಹತ್ರ 40 ಫಿಗರ್ ಇದಾವೆ’ ಅಂತ ಅವನು ಹೇಳಿದಾಗ ಅವರಪ್ಪ ಪೇಪರ್ ಕೆಳಗಿಟ್ಟು ನೋಡಿದ್ದರು. ಇದಕ್ಕೆ ಒಳ್ಳೆ ಕನ್ನಡ ಪದ ಇದ್ದರೆ ಹೇಳಿ. ‘ಮೂರ್ತಿ’, ‘ವಿಗ್ರಹ’ ಅಂದರೆ ಮಂಗಳಾರತಿ ಎತ್ತಬೇಕಾಗುತ್ತದೆ. ‘ಪ್ರತಿಮೆ’ ಅಂದರೆ ಸರ್ಕಲ್ಲಿನಲ್ಲಿ ನಿಲ್ಲಿಸಬೇಕು. ನನ್ನ ಮಟ್ಟಿಗೆ ಗೊಂಬೆಯೇ ಸರಿ. ಅಜ್ಜಿ ಪಟ್ಟದ ಗೊಂಬೆಯನ್ನು ಯಾವ ಮಗುವಿಗೂ ಆಡಲು ಕೊಟ್ಟಿಲ್ಲ, ಆದರೂ ಅದು ಗೊಂಬೆಯೇ ಅಲ್ವಾ?

ಅವನ ವೀರರಲ್ಲಿ ಮೂವರು ಮುಟ್ಟಿದರೆ ಬೆರಳು ಎಳೆಯುತ್ತಿದ್ದರು. ನಾನು ‘ಜಿಡ್ಡು’ ಅಂದೆ, ಅಜ್ಜಿ ‘ಜಿಡ್ಡಲ್ಲ, ಜಿಗುಟು’ ಅಂದರು. ಅವರದೇ ಸರಿ. ಜಿಡ್ಡು ಜಾರುತ್ತದೆ, ಒಗ್ಗರಣೆ ಹೊಗೆ ಕೂತ ಫ್ಯಾನಿನ ರೆಕ್ಕೆಯ ಹಾಗೆ. ಜಿಗುಟು ಹಿಡಿದುಕೊಳ್ಳುತ್ತದೆ, ಹಲಸಿನ ಮೇಣದ ಹಾಗೆ. ಪಿ.ವಿ.ಸಿ. ಪ್ಲಾಸ್ಟಿಕ್ ಮೆತ್ತಗಿರಲಿ ಅಂತ ಅದರಲ್ಲಿ ಬೆರೆಸಿದ ಎಣ್ಣೆಯಂಥದ್ದು ವರ್ಷಗಳು ಕಳೆದ ಹಾಗೆ ಮೇಲಕ್ಕೆ ಒಸರುತ್ತದೆ. ಅದಕ್ಕೆ ಧೂಳು ಕಚ್ಚಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಹಾಕಿ, ಮೆತ್ತನೆ ಬ್ರಷ್ಷಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿದೆ. ಬಿಸಿ ನೀರು ಹಾಕಿದ್ದರೆ ಕತ್ತಿ ಹಿಡಿದ ಕೈ ಬಾಗಿಬಿಡುತ್ತಿತ್ತು. ಇಷ್ಟು ಸ್ನಾನ ಆದ ಮೇಲೆ ಅವರನ್ನು ‘ಒರೆಸಿದೆ’ ಅಂದರೆ ನನ್ನ ಕೆಲಸಕ್ಕೆ ಮರ್ಯಾದೆ ಎಲ್ಲಿ?

ಜೋಡಿಸುವ ಮಾತಿಗೆ ಬಂದರೆ ಇನ್ನೊಂದು ಸೊಗಸು. ನಮ್ಮಲ್ಲಿ ದಸರೆಗೆ ಗೊಂಬೆ ‘ಇಡುವುದಿಲ್ಲ’, ‘ಕೂರಿಸುತ್ತೇವೆ’. ನಿಂತ ರಾಜನನ್ನೂ ಕೂರಿಸುತ್ತೇವೆ. ವಿಜಯದಶಮಿ ರಾತ್ರಿ ಮಲಗಿಸುತ್ತೇವೆ. ಮಾರನೇ ದಿನ ಹಳೇ ಪಂಚೆಯಲ್ಲಿ ಸುತ್ತಿ ಎತ್ತಿಡುತ್ತೇವೆ. ಅಜ್ಜಿ ಕೈಯಲ್ಲಿ ಆಗದ ಮೇಲೆ ಮೆಟ್ಟಿಲು ಕಟ್ಟುವುದು ನಿಂತಿತು, ರಾಜ-ರಾಣಿ ಷೋಕೇಸಿಗೆ ಬಂದರು. ಷೋಕೇಸಿಗೆ ಬಂದ ಗೊಂಬೆಗೆ ಮಾತ್ರ ಯಾರೂ ‘ಕೂರಿಸು’ ಅನ್ನುವುದಿಲ್ಲ. ಅಲ್ಲಿ ‘ಇಡು’, ‘ಜೋಡಿಸು’ ಅಷ್ಟೇ. ಗಾಜಿನ ಹಿಂದೆ ಹೋದ ತಕ್ಷಣ ರಾಜನ ದರ್ಬಾರು ಮುಗಿಯಿತು. ಅಲ್ಲಿ ಕೂರುವುದು ಧೂಳು ಒಂದೇ.

ಕೋಲಾರದ ತಂಗಿಯ ಮನೆಯಲ್ಲಿ ತೆಲುಗು-ಕನ್ನಡ ಎರಡೂ ನಡೆಯುತ್ತದೆ. ಅವಳ ಅತ್ತೆ ಗೊಂಬೆಗೆ ‘ಬೊಮ್ಮ’ ಅನ್ನುತ್ತಾರೆ, ಜೋಡಿಸುವುದಕ್ಕೆ ‘ಸರ್ದು’. ತಂಗಿ ಅದನ್ನೇ ಕನ್ನಡಕ್ಕೆ ಎಳೆದು ‘ಬೀರು ಎಲ್ಲಾ ಸರ್ದಿಟ್ಟೆ’ ಅನ್ನುತ್ತಾಳೆ. ಆ ಮನೆಯಲ್ಲಿ ಈ ಕೆಲಸಕ್ಕೆ ಪದ ಸಿಕ್ಕಿದೆ, ಅದಕ್ಕೆ ‘ಒಪ್ಪ’ ಅವಳಿಗೆ ಸಾವಿನ ಮನೆಯಲ್ಲಿ ಮಾತ್ರ ಉಳಿದಿದೆ ಅಂತ ನನ್ನ ಊಹೆ. ಪಕ್ಕದ ಮನೆಯ ಧಾರವಾಡದವರು ‘ನಾವು ಹಸನ ಮಾಡೋದು ಅಂತೀವ್ರಿ’ ಅಂದರು. ಅಜ್ಜಿಗೆ ‘ಹಸ ಮಾಡು’ ಗೊತ್ತು, ಆದರೆ ಅದು ಕಾಳಿಗೆ, ಹೊಲಕ್ಕೆ. ಗೊಂಬೆಗೆ ಅಲ್ಲ.

ಈಗ ನನ್ನ ಲೆಕ್ಕ ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹಳಗನ್ನಡದಲ್ಲಿ ‘ಒಪ್ಪ’ ಅಂದರೆ ಹೊಳಪು, ಚೆಲುವು. ‘ಒಪ್ಪವಿಡು’ ಅಂದರೆ ಮೆರುಗು ಕೊಡು. ಶಾಸನಗಳ ಕೊನೆಯಲ್ಲಿ ‘ಇಂತಿವರ ಒಪ್ಪ’ ಅಂತ ಬಂದು, ಮುಂದೆ ದೇವರ ಹೆಸರು ಇರುತ್ತದೆ. ಅಲ್ಲಿ ಒಪ್ಪ ಅಂದರೆ ರುಜು. ವಿಜಯನಗರದ ದೊರೆಗಳ ರುಜು ‘ಶ್ರೀ ವಿರೂಪಾಕ್ಷ’. ಮಕ್ಕಳು ಮಗ್ಗಿ ‘ಒಪ್ಪಿಸು’ವುದು, ಲೆಕ್ಕ ‘ಒಪ್ಪಿಸು’ವುದು ಇದೆ. ‘ಒಪ್ಪ ಓರಣ’ ಜೋಡಿ ಪದವಂತೂ ಇದ್ದೇ ಇದೆ. ಹೊಳಪು, ರುಜು, ರಾಗಿ ರಾಶಿ, ಹೆಣ, ಇವೆಲ್ಲ ಒಂದೇ ಪದದಲ್ಲಿ ಹೇಗೆ ಸೇರಿದವು? ನನಗೆ ಕಾಣುವುದು ಇಷ್ಟು: ಎಲ್ಲದರಲ್ಲೂ ಕೆಲಸ ಕೊನೆ ಮುಟ್ಟಿದೆ, ವಸ್ತು ತನ್ನ ಜಾಗ ಸೇರಿದೆ. ಹೆಣಕ್ಕೆ ‘ಒಪ್ಪ’ ಅಂದದ್ದು ಬರೀ ಮುಚ್ಚುಮಾತು ಅಂತ ಕೆಲವರು ಹೇಳಬಹುದು. ನನಗೆ ಹಾಗನ್ನಿಸುವುದಿಲ್ಲ. ತೊಳೆದು, ಉಡಿಸಿ, ಹೂ ಮುಡಿಸಿ, ನೆಟ್ಟಗೆ ಮಲಗಿಸುತ್ತಾರೆ ಅಲ್ವಾ? ನಾನು ಆ ದಿನ ರಾಣಿಗೆ ಮಾಡಿದ್ದೂ ಅದನ್ನೇ. ಹಳೇ ರೇಷ್ಮೆ ತುಂಡು ಬಿಚ್ಚಿ ಹೊಸದು ಉಡಿಸಿದೆ.

ಅದಕ್ಕೆ ನನಗೆ ಗೊತ್ತಾಗಬೇಕಾದ್ದು ಇವು. ಪಾವಗಡ, ಮಧುಗಿರಿ, ಶಿರಾ ಕಡೆಯವರು ‘ಒಪ್ಪ ಮಾಡು’ ಅನ್ನುವುದನ್ನು ಮನೆ-ಪಾತ್ರೆ-ಗೊಂಬೆಗೆ ಈಗಲೂ ಬಳಸುತ್ತೀರಾ, ಇಲ್ಲಾ ಕಣಕ್ಕೆ ಮಾತ್ರವಾ? ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ತೆಲುಗು ಬಾರದ ಮನೆಗಳಲ್ಲಿ ಏನನ್ನುತ್ತಾರೆ? ಬ್ರಷ್ಷಿನಲ್ಲಿ ಧೂಳು ಎಳೆಯುವುದಕ್ಕೆ ‘ಸವರು’ ಬಿಟ್ಟು ಬೇರೆ ಮಾತು ಇದೆಯಾ? ಉತ್ತರ ಬರೆಯುವಾಗ ನಿಮ್ಮ ತಾಲ್ಲೂಕು ಹಾಕಿ, ಆ ಮಾತು ಯಾರ ಬಾಯಲ್ಲಿ ಕೇಳಿದ್ದು ಅಂತಲೂ ಹಾಕಿ. ‘ನಮ್ಮ ಕಡೆ’ ಅಂತ ಬರೆದರೆ ಯಾವ ಕಡೆ ಅಂತ ಮತ್ತೆ ಕೇಳಬೇಕಾಗುತ್ತದೆ.

ಇನ್ನೊಂದು. ಷೋಕೇಸಿಗೆ ‘ಗಾಜಿನ ಬೀರು’ ಅಂತ ಯಾರಾದರೂ ಸಲಹೆ ಕೊಡುವ ಮೊದಲು: ಬೀರು ಯುರೋಪಿನಿಂದ ಬಂದದ್ದು, ಅಲಮಾರು ಪೋರ್ಚುಗೀಸರದು, ಕಪಾಟು ಸಂಸ್ಕೃತದಲ್ಲಿ ಬಾಗಿಲು. ನಾನು ಷೋಕೇಸ್ ಅಂತಲೇ ಬರೆಯುತ್ತೇನೆ.

ರಾಣಿಯ ಮೂಗಿನ ಮಸಿ ಇನ್ನೂ ಹೋಗಿಲ್ಲ. ಅದು ಮಸಿ ಅಲ್ಲ, ಮೂಗುಬೊಟ್ಟು ಅಂತ ನನ್ನ ವಾದ. ಅಜ್ಜಿ ಒಪ್ಪುತ್ತಿಲ್ಲ.