ಸಹಾಯ ಬೇಕು: ಮಗಳಿಗೆ 18 ಆದಮೇಲೆ ಅಪ್ಪ ಫೀಸ್ ಕಟ್ಟಬೇಕಿಲ್ವಾ?

ನಮಸ್ಕಾರ. ನಮ್ಮದು ಸಕಲೇಶಪುರದ ಹತ್ತಿರ. ನಾನು ಕಾಫಿ ತೋಟದ ಕೆಲಸಕ್ಕೆ ಹೋಗುತ್ತೇನೆ. ಮಗಳು ಹಾಸನದಲ್ಲಿ ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ. ಗಂಡ ಬೇರೆ ಇದ್ದಾರೆ, ಡೈವೋರ್ಸ್ ಆಗಿಲ್ಲ. ಕೋರ್ಟ್ ಹೇಳಿದ ಜೀವನಾಂಶ ಅವಳಿಗೆ 18 ತುಂಬಿದ ತಿಂಗಳೇ ನಿಂತಿತು.

ಊರ ಹಿರಿಯರನ್ನು ಕೂರಿಸಿ ಗಂಡನನ್ನು ಕೇಳಿಸಿದೆ. "ವಯಸ್ಸಿಗೆ ಬಂದವಳು, ಇನ್ನು ನನಗೆ ಸಂಬಂಧವಿಲ್ಲ" ಅಂದರು. ಹೊಸ ಬೈಕಲ್ಲಿ ಬಂದು ಹೇಳಿದ ಮಾತು ಇದು! ಓಲೆ ಅಡವಿಟ್ಟು ಮೊದಲ ಕಂತು ಕಟ್ಟಿದೆ. ಎರಡನೆಯದಕ್ಕೆ ಏನೂ ಉಳಿದಿಲ್ಲ.

ಪರಿಚಯದ ವಕೀಲರೊಬ್ಬರು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಹೇಳಿದರು. ಮದುವೆಯಾಗದ, ದುಡಿಮೆಯಿಲ್ಲದ ಮಗಳು 18 ಆದಮೇಲೂ ಕೇಳಬಹುದಂತೆ, ಓದಿನ ಖರ್ಚೂ ಸೇರುತ್ತದಂತೆ. ನನಗೆ ಗೊಂದಲ ಇಲ್ಲೇ: ಹಳೇ ಕೇಸಿನಲ್ಲೇ ಅರ್ಜಿ ಹಾಕಬೇಕಾ, ಇಲ್ಲಾ ಮಗಳೇ ತನ್ನ ಹೆಸರಲ್ಲಿ ಹೊಸದಾಗಿ ಹಾಕಬೇಕಾ? ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಪಡೆದವರು ಇದ್ದರೆ, ಯಾವ ಕಾಗದ ಒಯ್ದಿರಿ ಹೇಳ್ತೀರಾ?