ಹ್ಯಾಲೋವೀನ್‌ಗೆ ಬ್ಲ್ಯಾಕ್‌ಲೈಟ್: ಯಾವುದು ತರೋದು, ಎಲ್ಲಿ ಹಾಕೋದು?

ಪ್ರಶ್ನೆ: ನ್ಯೂಜೆರ್ಸಿಯಲ್ಲಿದ್ದೇವೆ. ಅಕ್ಟೋಬರ್ 31ರ ರಾತ್ರಿ ಮನೆ ಮುಂದೆ ಜೇಡರ ಬಲೆ, ಅಸ್ಥಿಪಂಜರ ಹೊಳೆಯೋ ಹಾಗೆ ಬ್ಲ್ಯಾಕ್‌ಲೈಟ್ (ಯುವಿ, ಅಂದರೆ ಅತಿನೇರಳೆ ಬೆಳಕಿನ ದೀಪ) ಹಾಕಬೇಕು. ಹಬ್ಬದ ರೂಢಿಯಂತೆ ಮನೆಮನೆಗೆ ಕ್ಯಾಂಡಿಗೆ ಬರೋರು ಪುಟ್ಟ ಮಕ್ಕಳು, ಅವರ ಕಣ್ಣಿಗೆ ತೊಂದರೆ ಆಗಬಾರದು. ತಿಳಿದವರು ದಯವಿಟ್ಟು ಹೇಳಿ.

ಉತ್ತರ 1: ಮೊದಲು ಡಬ್ಬಿ ಮೇಲೆ ನ್ಯಾನೋಮೀಟರ್ (ಬೆಳಕಿನ ಅಲೆಯುದ್ದದ ಅಳತೆ) ನೋಡಿ. 365ರಿಂದ 400ರ ಒಳಗಿದ್ದರೆ ಯುವಿ-ಎ, ನಿಮಗೆ ಬೇಕಾದ್ದು ಅದೇ. 254 ಅಂತಲೋ ಜರ್ಮಿಸೈಡಲ್ ಅಂತಲೋ ಇದ್ದರೆ ದಯವಿಟ್ಟು ತರಬೇಡಿ. ಅದು ರೋಗಾಣು ಕೊಲ್ಲೋ ಯುವಿ-ಸಿ ದೀಪ. ಹತ್ತಿರ ನಿಂತರೆ ಕೆಲವೇ ನಿಮಿಷದಲ್ಲಿ ಕಣ್ಣು, ಚರ್ಮ ಸುಡುತ್ತೆ, ಉರಿ ಶುರುವಾಗೋದು ಮಾತ್ರ ಎಷ್ಟೋ ಗಂಟೆ ಕಳೆದ ಮೇಲೆ. ಟ್ಯೂಬ್ ಆದರೆ ಎರಡಕ್ಕೂ ಒಂದೇ ಥರದ ಪಿನ್ ಇರುವುದುಂಟು, ಒಂದೇ ಟ್ಯೂಬ್‌ಲೈಟ್ ಪಟ್ಟಿಗೆ ಕೂತುಬಿಡುತ್ತೆ. ದೀಪ ಆಫ್ ಇದ್ದಾಗ ಗಾಜು ನೋಡಿ: ಬ್ಲ್ಯಾಕ್‌ಲೈಟ್ ಟ್ಯೂಬ್ ನೇರಳೆಹಣ್ಣಿನ ಸಿಪ್ಪೆಯಂತೆ ಕಪ್ಪಗಿರುತ್ತೆ, ಯುವಿ-ಸಿ ಟ್ಯೂಬಿನ ಒಳಗಿನ ತಂತಿ ಸ್ಪಷ್ಟವಾಗಿ ಕಾಣುತ್ತೆ.

ನೇರಳೆ ಗಾಜಿನ ಹಳೇ ಫಿಲಮೆಂಟ್ ಬಲ್ಬೂ ಬೇಡ. ಯುವಿ ಕಮ್ಮಿ, ಬಿಸಿ ಜಾಸ್ತಿ. ಪಕ್ಕದಲ್ಲಿ ಹತ್ತಿಯ ಬಲೆ ಇದ್ದರೆ ಬೆಂಕಿ ಹಿಡಿಯಬಹುದು.

ಉತ್ತರ 2: ಸರಿಯಾದ ದೀಪ ತಂದರೂ ಅದನ್ನು ನೇರ ನೋಡೋ ಹಾಗಿರಬಾರದು. ಕತ್ತಲಲ್ಲಿ ಕಣ್ಣಿನ ಪಾಪೆ ಅಗಲವಾಗಿರುತ್ತೆ. ಈ ಬೆಳಕು ಮಂದ ಅನಿಸೋದರಿಂದ ಕಣ್ಣು ತಾನಾಗಿ ಮುಚ್ಚಲ್ಲ, ಯುವಿ ಒಳಗೆ ಹೋಗ್ತಾನೇ ಇರುತ್ತೆ. ನೆಲದ ಮೇಲಿಟ್ಟು ಮೇಲ್ಮುಖ ಮಾಡಿದರೆ ಮೂರಡಿ ಮಗುವಿನ ಮುಖಕ್ಕೇ ಬೀಳುತ್ತೆ. ಸೂರಿನ ಕೆಳಗೆ ಎಂಟಡಿ ಎತ್ತರದಲ್ಲಿ ಹಾಕಿ, ಗೋಡೆ ಕಡೆ ಬಗ್ಗಿಸಿ. ಆಮೇಲೆ ಗೇಟಿನಿಂದ ಬಾಗಿಲವರೆಗೆ ಅಲ್ಲಲ್ಲಿ, ಮಗುವಿನ ಎತ್ತರಕ್ಕೆ ಕುಕ್ಕರುಗಾಲಲ್ಲಿ ಕೂತು ನೋಡಿ. ಎಲ್ಲಾದರೂ ಎಲ್‌ಇಡಿಯ ಬಿಂದು ಕಂಡರೆ ತಗಡಿನ ಮರೆ ಕೊಡಿ. ದೀಪದ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳನ್ನು ಮಾತ್ರ ಮುಚ್ಚಬೇಡಿ, ಬಿಸಿ ಹೋಗೋದು ಅಲ್ಲಿಂದಲೇ.

ಕ್ಯಾಂಡಿ ಕೊಡೋರ ಕುರ್ಚಿ ಬೆಳಕಿನ ಹಾದಿಯಲ್ಲಿ ಬೇಡ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ತಗೊಳ್ಳುವವರು, ಲೂಪಸ್ ಕಾಯಿಲೆ ಇರುವವರು ಇನ್ನೂ ದೂರ ಇರಲಿ, ಅವರ ಚರ್ಮಕ್ಕೆ ಯುವಿ-ಎ ಬೇಗ ತಾಕುತ್ತೆ.

ಉತ್ತರ 3: ಮೇಲಿನವರು ಮೆಟ್ಟಿಲ ವಿಷಯ ಬಿಟ್ಟಿದ್ದಾರೆ. ನನ್ನ ಪ್ರಕಾರ ಕಣ್ಣಿಗಿಂತ ಮೊದಲು ಕಾಲು ಉಳುಕುತ್ತೆ! ಪ್ರತಿ ಮೆಟ್ಟಿಲ ಅಂಚಿಗೂ ಫ್ಲೋರೊಸೆಂಟ್ (ಯುವಿ ಬಿದ್ದರೆ ಹೊಳೆಯೋ) ಟೇಪ್ ಅಂಟಿಸಿ, ಜೊತೆಗೆ ನೆಲಕ್ಕೆ ಮಾತ್ರ ಬೀಳೋ ಒಂದು ಸಣ್ಣ ಹಳದಿ ದೀಪ ಇರಲಿ. ಬಿಳಿ ಪೋರ್ಚ್ ಲೈಟ್ ಹಾಕಿದರೆ ಹೊಳಪೆಲ್ಲ ಹೋಗುತ್ತೆ.

ಅಸ್ಥಿಪಂಜರಕ್ಕೆ ಗೋಡೆಯ ಬಿಳಿ ಪೇಂಟ್ ಬಳಿದರೆ ಮಂಕಾಗಿ ಕಾಣುತ್ತೆ. ಅದರಲ್ಲಿರೋ ಟೈಟಾನಿಯಂ ಡೈಆಕ್ಸೈಡ್ ಯುವಿಯನ್ನು ನುಂಗುತ್ತೆ. ಫ್ಲೋರೊಸೆಂಟ್ ಪೇಂಟೇ ಬೇಕು, ಅದೂ ಮುಖಕ್ಕಲ್ಲ. ಡಿಟರ್ಜೆಂಟಲ್ಲಿ ಒಗೆದ ಬಿಳಿ ಹತ್ತಿಬಟ್ಟೆ ತಾನಾಗಿ ನೀಲಿಬಿಳಿ ಹೊಳೆಯುತ್ತೆ, ಕ್ವಿನೈನ್ ಇರೋ ಟಾನಿಕ್ ವಾಟರ್ ಕೂಡ. ಡಿಟರ್ಜೆಂಟನ್ನೇ ಮೆಟ್ಟಿಲಿಗೆ ಬಳಿಯೋದು ಬೇಡ, ಜಾರುತ್ತೆ.

ಉತ್ತರ 4: ಕರೆಂಟ್ ಬಗ್ಗೆ. 50 ವ್ಯಾಟ್ ಎಲ್‌ಇಡಿ ಫ್ಲಡ್‌ಲೈಟ್ 120 ವೋಲ್ಟಲ್ಲಿ ಅರ್ಧ ಆಂಪ್ ಕೂಡ ಎಳೆಯಲ್ಲ, ನಾಲ್ಕು ಹಾಕಿದರೂ ಲೋಡ್ ಸಮಸ್ಯೆ ಇಲ್ಲ. ಸಮಸ್ಯೆ ನೀರು. ಐಪಿ65 (ಧೂಳು, ನೀರು ತಡೆಯೋ ಮಟ್ಟ) ಅನ್ನೋದು ದೀಪದ ಮೈಗೆ, ಅದರ ಪ್ಲಗ್‌ಗಲ್ಲ. ಒದ್ದೆ ಹುಲ್ಲಿನ ಮೇಲೆ ಬಿದ್ದ ಜಾಯಿಂಟೇ ಕೈಕೊಡೋ ಜಾಗ. ಜಿಎಫ್‌ಸಿಐ (ಕರೆಂಟ್ ಸೋರಿದರೆ ತಾನಾಗಿ ಕಟ್ ಆಗೋ) ಔಟ್‌ಲೆಟ್‌ಗೇ ಹಾಕಿ, ಹೊರಾಂಗಣದ ಎಕ್ಸ್‌ಟೆನ್ಷನ್ ವೈರ್ ಒಂದೇ ಇರಲಿ, ಒಂದಕ್ಕೊಂದು ಸಿಕ್ಕಿಸಬೇಡಿ. ಜಾಯಿಂಟನ್ನು ನೆಲದಿಂದ ಎತ್ತಿ ಕಟ್ಟಿ. ಹಿಂದಿನ ದಿನವೇ ಜಿಎಫ್‌ಸಿಐನ ಟೆಸ್ಟ್ ಬಟನ್ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ ಆ ಔಟ್‌ಲೆಟ್ ಬಳಸಬೇಡಿ.