ಗೋವಾದಿಂದ ಹೊನ್ನಾವರಕ್ಕೆ ನಮ್ಮದೇ ಹಾಯಿದೋಣಿ: ಕಡಲಲ್ಲೋ, ಲಾರಿ ಮೇಲೋ?

ಬಳ್ಳಾರಿ ಬಿಸಿಲು ಬರೆದದ್ದು:
ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಕೌಲ್ ಬಜಾರಿನವನು. ಹೆಂಡತಿಯ ತವರು ಹೊನ್ನಾವರ. ಹೋದ ತಿಂಗಳು ಗೋವಾದಲ್ಲಿ 24 ಅಡಿಯ ಹಳೆ ಫೈಬರ್ ಹಾಯಿದೋಣಿ ಕೊಂಡುಕೊಂಡೆವು, ಹಿಂದೆ ಒಂದು ಚಿಕ್ಕ ಔಟ್‌ಬೋರ್ಡ್ ಎಂಜಿನ್ ಇದೆ. ಡಿಸೆಂಬರ್‌ನಲ್ಲಿ ಅದನ್ನು ಹೊನ್ನಾವರಕ್ಕೆ ತಂದು ಶರಾವತಿ ಹೊಳೆಯಲ್ಲಿ ಅವರ ಮನೆ ಹಿಂದೆ ಕಟ್ಟಬೇಕು. ಅವಳು ಗೋವಾದಲ್ಲಿ ಕೆಲಸಕ್ಕಿದ್ದಾಗ ಎರಡು ವರ್ಷ ಹಾಯಿ ನಡೆಸಿದವಳು. ನನ್ನ ಅನುಭವ ಅಂದರೆ ಆನೆಗುಂದಿಯ ಹರಿಗೋಲು, ಅದೂ ಅಂಬಿಗ ತಮಾಷೆಗೆ ಗರಗರ ತಿರುಗಿಸಿದಾಗ ಕಣ್ಣು ಮುಚ್ಚಿ ಕೂತಿದ್ದೆ. ಈಜು ಬರುತ್ತದೆ, ತುಂಗಭದ್ರಾ ಕಾಲುವೆಯಲ್ಲಿ ಕಲಿತದ್ದು.

ಅವಳು ಕಡಲಲ್ಲೇ ತರೋಣ ಅಂತಾಳೆ, ಒಂದೇ ರಾತ್ರಿ ಒಂದು ಹಗಲು ಸಾಕಂತೆ. ನಾನು ಲಾರಿ ಅಂತೀನಿ. ರಸ್ತೆಯಲ್ಲಿ ಇನ್ನೂರು ಕಿಲೋಮೀಟರ್ ಆಸುಪಾಸು ಅಷ್ಟೇ ಅಲ್ವಾ? ಮನೆಯಲ್ಲಿ ಮೂರು ವಾರದಿಂದ ಇದೇ ಮಾತು. ಗೊತ್ತಿದ್ದವರು ಹೇಳಿ. ನನ್ನ ಪರವಾಗಿ ಹೇಳಿದರೆ ಇನ್ನೂ ಒಳ್ಳೆಯದು.

ಲಾರಿ ಮಾಮ, ಸಂಡೂರು:
ಅಣ್ಣಾ, ಅದಿರು ಲಾರಿ ಓಡಿಸಿದವನು ನಾನು. ಹೊಸಪೇಟೆಯಿಂದ ಅಂಕೋಲಾ, ಬೇಲೇಕೇರಿ ಬಂದರಿನವರೆಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ನನ್ನ ಓಟು ಲಾರಿಗೇ. ಆದರೆ ಸಲೀಸು ಅಂದುಕೊಳ್ಳಬೇಡಿ. ಅಲ್ಲೊಂದು ಕ್ರೇನು, ಇಲ್ಲೊಂದು ಕ್ರೇನು, ಹಾಯಿಕಂಬ ಬಿಚ್ಚಬೇಕು, ದೋಣಿಯ ತಳಕ್ಕೆ ಆನಿಸಲು ಮರದ ತೊಟ್ಟಿಲು ಮಾಡಿಸಬೇಕು. ಬೆಲ್ಟ್ ಸಡಿಲಾದರೆ ಫೈಬರ್ ಬಿರುಕು ಬಿಡುತ್ತದೆ. ಖರ್ಚು ಜಾಸ್ತಿ, ಜೀವ ಮಾತ್ರ ಸುರಕ್ಷಿತ.

ಇನ್ನೊಂದು. ಮಾವನ ಮನೆ ಸೇತುವೆಯ ಯಾವ ಕಡೆಗಿದೆ? ಶರಾವತಿಗೆ ಹೈವೇ ಸೇತುವೆ ಇದೆ, ಎರಡು ಕಿಲೋಮೀಟರಿಗಿಂತ ಉದ್ದದ ಕೊಂಕಣ ರೈಲ್ವೆ ಸೇತುವೆ ಇದೆ. ನಿಮ್ಮ ಕಂಬ ಅದರ ಕೆಳಗೆ ತೂರುತ್ತದಾ?

ಬಳ್ಳಾರಿ ಬಿಸಿಲು:
ಮಾಮಾ, ಕಂಬದ ವಿಚಾರ ಇಬ್ಬರಿಗೂ ಹೊಳೆದಿರಲಿಲ್ಲ! ಮನೆ ಸೇತುವೆಗಳ ಮೇಲ್ಗಡೆ ಇದೆ. ಅವಳಿಗೆ ಹೇಳಿದೆ, ಐದು ನಿಮಿಷ ಮಾತಾಡಲಿಲ್ಲ.

ಮಲ್ಪೆ ರಿಟರ್ನ್, ಕೊಪ್ಪಳ:
ಮಲ್ಪೆಯಲ್ಲಿ ಮೂರು ಸೀಸನ್ ಟ್ರಾಲ್ ಬೋಟಿನಲ್ಲಿ ಕೆಲಸ ಮಾಡಿದ್ದೇನೆ. ನಮ್ಮ ಕೊಪ್ಪಳ, ಬಾಗಲಕೋಟೆ ಕಡೆಯ ಹುಡುಗರು ಅಲ್ಲಿ ಬಹಳ ಇದ್ದಾರೆ. ಮೊದಲ ವಾರ ವಾಂತಿ ಮಾಡಿದ್ದು ಬಿಟ್ಟು ಬೇರೇನೂ ನೆನಪಿಲ್ಲ. ಆದ್ದರಿಂದ ಅಣ್ಣನ ಭಯ ಅರ್ಥ ಆಗುತ್ತದೆ, ಆದರೆ ಭಯ ತಪ್ಪು ಜಾಗದಲ್ಲಿದೆ.

ಡಿಸೆಂಬರ್ ಕಡಲು ತಣ್ಣಗೇ ಇರುತ್ತದೆ. ಕಷ್ಟ ಇರುವುದು ಎರಡು ಕಡೆ. ಒಂದು, ರಾತ್ರಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಅದು ಮುಗಿದ ಮೇಲೆ ಸಮುದ್ರ ತುಂಬ ಬೋಟು, ಬಲೆ. ಕತ್ತಲಲ್ಲಿ ಬಲೆಯ ಬೆಂಡು ಕಾಣುವುದಿಲ್ಲ, ಪ್ರೊಪೆಲ್ಲರ್‌ಗೆ ಸುತ್ತಿಕೊಂಡರೆ ಎಂಜಿನ್ ಸತ್ತ ಹಾಗೆ. ಬಲೆ ಎಳೆಯುವಾಗ ನಾವೆಲ್ಲ ಹಿಂದುಗಡೆ ನೋಡುತ್ತಿರುತ್ತೇವೆ, ನಿಮ್ಮ ಪುಟ್ಟ ಹಾಯಿಯ ಪುಟ್ಟ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ. ಅಕ್ಕನ ಆ ಒಂದು ರಾತ್ರಿಯ ಪ್ಲಾನ್ ಬೇಡ.

ಎರಡು, ಅಳಿವೆ. ಹೊಳೆ ಕಡಲಿಗೆ ಸೇರುವ ಬಾಯಿ. ಹೊನ್ನಾವರದ ಅಳಿವೆಯಲ್ಲಿ ಹೂಳು, ಮರಳಿನ ದಿಬ್ಬ ಜಾಗ ಬದಲಿಸುತ್ತಲೇ ಇರುತ್ತದೆ, ಅಲ್ಲಿ ಮೀನಿನ ಬೋಟುಗಳೇ ಮಗುಚಿದ್ದುಂಟು. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಗೆ ಅಲೆ ಬಂದರೆ ಅಲೆ ಗೋಡೆಯ ಹಾಗೆ ನೆಟ್ಟಗೆ ಏಳುತ್ತದೆ. ನಮ್ಮ ತಾಂಡೇಲರು, ಅಂದರೆ ಬೋಟು ನಡೆಸುವ ಯಜಮಾನರು, ಅಳಿವೆ ಹೊರಗೆ ಬೋಟು ನಿಧಾನ ಮಾಡಿ, ಬೀಡಿ ಬಾಯಲ್ಲಿಟ್ಟುಕೊಂಡು ಸುಮ್ನೆ ಅಲೆ ಎಣಿಸುತ್ತಿದ್ದರು. ಮೂರು ದೊಡ್ಡದು ಹೋಗಲಿ ಅಂತ. ಆಮೇಲೆ ಒಂದೇ ಸಲ ಎಂಜಿನ್ ಜೋರು ಮಾಡಿ ಒಳಗೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ.

ಉಬ್ಬರ ಮುಗಿಯುತ್ತ ಬಂದಾಗ, ಬೆಳಗ್ಗೆ, ಊರಿನ ಒಂದು ಬೋಟಿನ ಹಿಂದೆಯೇ ಒಳಗೆ ಹೋಗಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಬೆಳಗಿನ ಉಬ್ಬರ ಯಾವತ್ತು ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಗೋವಾ ಬಿಡಿ.

ಶಕ್ತಿನಗರದ ಅಕ್ಕ, ರಾಯಚೂರು:
ನಾನೂ ನಮ್ಮ ಯಜಮಾನರೂ ರಿಟೈರ್ ಆದ ಮೇಲೆ ಮುಂಬೈಯಿಂದ ಗೋವಾಕ್ಕೆ ನಮ್ಮ ದೋಣಿ ತಂದವರು. ಕೃಷ್ಣಾ ನದಿ ಬಿಟ್ಟು ಬೇರೆ ನೀರು ಕಾಣದವರು ನಾವು. ಆದ್ದರಿಂದ ತಮ್ಮಾ, ಲಾರಿ ಬೇಡ.

ದಕ್ಷಿಣಕ್ಕೆ ಬರುವವರಿಗೆ ಡಿಸೆಂಬರ್ ಗಾಳಿ ನೆಂಟನಿದ್ದ ಹಾಗೆ. ಬೆಳಗಿನ ಜಾವ ನೆಲದ ಕಡೆಯಿಂದ ಬೀಸುತ್ತದೆ. ಹತ್ತು, ಹನ್ನೊಂದಕ್ಕೆ ಸತ್ತು ಹೋಗುತ್ತದೆ, ದೋಣಿ ನಿಂತಲ್ಲೇ ತೂಗುತ್ತದೆ, ಗಂಡ ಹೆಂಡತಿ ಜಗಳ ಆಗುವುದು ಆವಾಗಲೇ. ಮಧ್ಯಾಹ್ನ ವಾಯವ್ಯದಿಂದ ಕಡಲ ಗಾಳಿ ಏಳುತ್ತದೆ, ನಿಮಗೆ ಹಿಂದಿನಿಂದ.

ದೂರ ಅಳೆಯುವುದು ಸುಲಭ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ಪಣಜಿಯಿಂದ ದಕ್ಷಿಣ ಗೋವಾದ ಪಾಲೊಲೆಮ್ ಸುಮಾರು 35 ಮೈಲಿ, ಗಂಟೆಗೆ ನಾಲ್ಕು ಮೈಲಿ ಅಂದರೂ ಒಂಬತ್ತು ತಾಸು. ಅಲ್ಲಿಂದ ಕಾರವಾರ ಹತ್ತಿರ, 15ರ ಆಸುಪಾಸು. ಮರುದಿನ ಗೋಕರ್ಣ ದಾಟಿ ತದಡಿ, ಅದರ ಮರುದಿನ ಹೊನ್ನಾವರ. ನಾಲ್ಕು ಹಗಲು, ರಾತ್ರಿ ಲಂಗರು. ತದಡಿಯಿಂದ ಮಾತ್ರ ಕತ್ತಲಿರುವಾಗಲೇ ಹೊರಟು, ಬಂದರಿನವರನ್ನು ಕೇಳಿ ಬಲೆಯಿಲ್ಲದ ದಾರಿ ಹಿಡಿಯಿರಿ, ಇಲ್ಲದಿದ್ದರೆ ಬೆಳಗಿನ ಉಬ್ಬರ ಸಿಗುವುದಿಲ್ಲ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆ, ಅಂಜುದಿವ ದ್ವೀಪ ಇವೆ. ಅಲ್ಲಿ ನಿಲ್ಲುವಂತಿಲ್ಲ, ದೂರದಿಂದಲೇ ಸುತ್ತಿ ಬನ್ನಿ. ದೋಣಿಯ ಕಾಗದ, ಗುರುತಿನ ಚೀಟಿ ಒಣಗಿದ ಚೀಲದಲ್ಲಿರಲಿ, 2008ರ ಮುಂಬೈ ದಾಳಿ ಆದ ಮೇಲೆ ಎಲ್ಲಿ ಬೇಕಾದರೂ ಕೇಳುತ್ತಾರೆ. ಕೋಸ್ಟ್ ಗಾರ್ಡ್ ನಂಬರ್ 1554, ರೇಡಿಯೋದಲ್ಲಿ ಚಾನೆಲ್ 16. ಅಲೆ ಎಷ್ಟು ಎತ್ತರ ಅಂತ ಹೈದರಾಬಾದಿನ ಇನ್‌ಕಾಯಿಸ್ ಅನ್ನುವ ಸರ್ಕಾರಿ ಸಾಗರ ಮಾಹಿತಿ ಕೇಂದ್ರ ದಿನವೂ ಮುನ್ಸೂಚನೆ ಕೊಡುತ್ತದೆ.

ಈಗ ಮುಖ್ಯ ಮಾತು. ಅವಳು ನೀರಿಗೆ ಬಿದ್ದರೆ ದೋಣಿ ತಿರುಗಿಸಿ ವಾಪಸ್ ಹೋಗಲು ನಿನಗೆ ಬರುತ್ತದಾ? ಹಾಯಿ ಇಳಿಸಲು? ಎಂಜಿನ್ ಶುರು ಮಾಡಲು? ಬರುವುದಿಲ್ಲ ಅಂದರೆ ದೋಣಿಯಲ್ಲಿರುವುದು ಒಬ್ಬರೇ ನಾವಿಕರು, ಇನ್ನೊಬ್ಬ ಪ್ಯಾಸೆಂಜರ್. ನಾನು ಹತ್ತು ದಿನ ಬಕೆಟ್ ಎಸೆದು, ಅದನ್ನೇ ಮನುಷ್ಯ ಅಂದುಕೊಂಡು ಎತ್ತಿ ತರುವುದು ಕಲಿತೆ. ಮೊದಲ ದಿನ ಆರು ಸಲ ಬಕೆಟ್ ಮುಳುಗಿಸಿದೆ. ನಮ್ಮವರು ಮೇಲೆ ಕೂತು ನಗುತ್ತಿದ್ದರು, ಏಳನೇ ಸಲಕ್ಕೆ ನಗು ನಿಂತಿತು.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಿರಿ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇರಲಿ, ಕಡಲ ತಂಪಿಗೆ ಒಂದೇ ರಾತ್ರಿಯಲ್ಲಿ ರೊಟ್ಟಿ ಮೆತ್ತಗಾಗಿ ಚರ್ಮದ ಹಾಗೆ ಎಳೆಯುತ್ತದೆ.

ಲಾರಿ ಮಾಮ, ಸಂಡೂರು:
ಅಕ್ಕಾ, ಓಟು ವಾಪಸ್ ತಗೊಂಡೆ.

ಬಳ್ಳಾರಿ ಬಿಸಿಲು, ಆರು ವಾರದ ನಂತರ:
ಮುಟ್ಟಿದೆವು. ನಾಲ್ಕು ಅಂದದ್ದು ಆರು ದಿನ ಆಯಿತು. ಕಾರವಾರದಲ್ಲಿ ಎಂಜಿನ್ ಕೈಕೊಟ್ಟು ಎರಡು ದಿನ ಕೂತೆವು. ಸರ್ವೀಸ್ ಆಗಿದೆ ಅಂತ ಹೇಳಿ ಮಾರಿದವರು ಪ್ಲಗ್ಗನ್ನೂ ಬದಲಿಸಿರಲಿಲ್ಲ. ಆ ಎರಡು ದಿನದಲ್ಲಿ ಬೆಳಗಿನ ಉಬ್ಬರ ತಪ್ಪಿ ಹೋಯಿತು, ಲೆಕ್ಕ ಪೂರ್ತಿ ಹೊಸದಾಗಿ ಹಾಕಬೇಕಾಯಿತು, ಕೊನೆಗೆ ಅಳಿವೆ ಹೊಕ್ಕದ್ದು ಹನ್ನೊಂದಕ್ಕೆ. ಹೊರಗೆ ಮುಕ್ಕಾಲು ತಾಸು ಕಾದೆವು. ಅವಳು ಚುಕ್ಕಾಣಿ ಹಿಡಿದು ಅಲೆ ಎಣಿಸುತ್ತಿದ್ದಳು, ತುಟಿ ಅಲ್ಲಾಡುವುದು ಕಾಣುತ್ತಿತ್ತು. ನಾನು ಏನೋ ಕೇಳಲು ಹೋದೆ, ಕೊಪ್ಪಳದ ತಮ್ಮ ಬರೆದದ್ದು ನೆನಪಾಗಿ ಬಾಯಿ ಮುಚ್ಚಿದೆ. ಒಂದು ಮೀನಿನ ಬೋಟಿನವರು ಕೈಬೀಸಿ ಹಿಂದೆ ಬನ್ನಿ ಅಂದರು. ಬಲಗಡೆ ನೀರು ಬೆಳ್ಳಗೆ ಒಡೆಯುತ್ತಿತ್ತು, ನಾವು ಅದರ ಪಕ್ಕದಲ್ಲೇ ನುಣುಪಾದ ನೀರಿನಲ್ಲಿ ಒಳಗೆ ಬಂದೆವು. ಎರಡೇ ನಿಮಿಷ.

ಸೇತುವೆಗೆ ಮುಂಚೆ ಲಂಗರು ಹಾಕಿ, ಮಾವ ಕಳಿಸಿದ ನಾಲ್ಕು ಜನರ ಜೊತೆ ಕಂಬ ಮಲಗಿಸಿದೆವು. ಬಕೆಟ್ ಲೆಕ್ಕ ನನ್ನದು ಎಂಟು, ಅಕ್ಕಾ. ಎರಡು ಇನ್ನೂ ಗೋವಾದ ಮಾಂಡೋವಿ ಹೊಳೆಯಲ್ಲೇ ಇವೆ.